ಹೆಸರಿಲ್ಲದ ಜ್ವರದ ಮುಂದೆ: ಕಿರಿಯ ವೈದ್ಯರಿಗೆ ರೋಗನಿರ್ಣಯದ ಅನಿಶ್ಚಿತತೆಯನ್ನು ನಿಭಾಯಿಸಲು ಕಲಿಸುವ ಬಗೆ

ಮಳೆ ಹಿಡಿದ ಮೇಲೆ ಮಲೆನಾಡಿನ ಅಂಚಿನ ಬೋಧನಾ ಆಸ್ಪತ್ರೆಗಳ ಮೆಡಿಸಿನ್ ವಾರ್ಡುಗಳಲ್ಲಿ ಜ್ವರದ ರೋಗಿಗಳು ತುಂಬಿಕೊಳ್ಳುತ್ತಾರೆ. ಅಂಥ ಒಂದು ವಾರ್ಡಿನಲ್ಲಿ, ಬೆಳಗಿನ ರೌಂಡ್ಸಿನ ಹೊತ್ತಿಗೆ, ಅಡಿಕೆ ತೋಟದಲ್ಲಿ ಕೂಲಿ ಮಾಡುವ ನಲವತ್ತರ ಆಸುಪಾಸಿನ ಹೆಂಗಸೊಬ್ಬರ ಹಾಸಿಗೆಯ ಪಕ್ಕದಲ್ಲಿ ನಾವೆಲ್ಲ ನಿಂತಿದ್ದೆವು. ಜ್ವರ ಬಂದು ಐದು ದಿನವಾಗಿತ್ತು. ತಲೆನೋವು, ಮೈಕೈ ನೋವು, ಒಂದಿಷ್ಟು ಕೆಮ್ಮು ಇತ್ತು. ಪ್ಲೇಟ್‌ಲೆಟ್ 92,000ಕ್ಕೆ ಇಳಿದಿತ್ತು. ಡೆಂಗಿಯ ಎನ್‌ಎಸ್1 ಪರೀಕ್ಷೆ ನೆಗೆಟಿವ್, ಮಲೇರಿಯಾಕ್ಕೆಂದು ನೋಡಿದ ಸ್ಮಿಯರ್ ಕೂಡ ನೆಗೆಟಿವ್. ಮೊದಲ ವರ್ಷದ ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿ ಎಲ್ಲವನ್ನೂ ಒಪ್ಪವಾಗಿ ಹೇಳಿ ಕೊನೆಯಲ್ಲಿ "ವೈರಲ್ ಫೀವರ್, ಸರ್" ಎಂದ. "ಎಷ್ಟು ಖಾತ್ರಿ ಇದೆ?" ಎಂದು ಕೇಳಿದೆ. ಅವನು ಕೇಸ್ ಶೀಟಿನತ್ತ ನೋಡಿದ, ಪಕ್ಕದಲ್ಲಿದ್ದ, ಇಂಟರ್ನ್‌ಶಿಪ್ ಮಾಡುತ್ತಿದ್ದ ಹೌಸ್ ಸರ್ಜನ್‌ಳತ್ತ ನೋಡಿದ, ಮಾತಾಡಲಿಲ್ಲ.

ಆ ಮೌನಕ್ಕೆ ಅವನೊಬ್ಬನೇ ಹೊಣೆಯಲ್ಲ. ಐದಾರು ವರ್ಷ ನಾವು ಅವನಿಗೆ ಕೇಳಿದ ಪ್ರಶ್ನೆಗಳಿಗೆಲ್ಲ ಒಂದೇ ಒಂದು ಸರಿಯುತ್ತರವಿತ್ತು. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ತಡವರಿಸಿದವನಿಗೆ ಅಂಕ ಕಳೆದೆವು. ತಪ್ಪಾದರೂ ಗಟ್ಟಿಯಾಗಿ ಹೇಳಿದವನನ್ನು ಒಳಗೊಳಗೇ ಮೆಚ್ಚಿದೆವು. ಬೀಸುವ ದೊಣ್ಣೆಯಿಂದ ತಪ್ಪಿಸಿಕೊಳ್ಳಲು ಕಲಿತ ವಿದ್ಯಾರ್ಥಿ ವಾರ್ಡಿಗೆ ಬಂದಾಗ, ಅನುಮಾನ ಎದುರಾದ ಕೂಡಲೇ ಮೂರರಲ್ಲಿ ಒಂದನ್ನು ಮಾಡುತ್ತಾನೆ: ಕೈಗೆ ಸಿಕ್ಕ ಹೆಸರೊಂದನ್ನು ರೋಗಿಗೆ ಅಂಟಿಸಿ ಯೋಚನೆಯನ್ನು ಮುಗಿಸುತ್ತಾನೆ, ಇಲ್ಲವೇ ಲ್ಯಾಬ್ ಫಾರಂನಲ್ಲಿರುವ ಎಲ್ಲ ಪರೀಕ್ಷೆಗಳಿಗೂ ಗುರುತು ಹಾಕುತ್ತಾನೆ, ಇಲ್ಲವೇ ಸೆಫ್ಟ್ರಿಯಾಕ್ಸೋನ್, ಡಾಕ್ಸಿಸೈಕ್ಲಿನ್, ಆರ್ಟಿಸುನೇಟ್ ಎಂಬ ಬೇರೆ ಬೇರೆ ಸೋಂಕುಗಳ ಮೂರು ಔಷಧಿಗಳನ್ನೂ ಒಟ್ಟಿಗೆ ಬರೆದು ಬೆಳಗಾಗುವುದನ್ನು ಕಾಯುತ್ತಾನೆ. ಈ ಮೂರರಲ್ಲಿ ಯಾವುದೂ ಅನಿಶ್ಚಿತತೆಯನ್ನು ಕಡಿಮೆ ಮಾಡುವುದಿಲ್ಲ, ಕಣ್ಣಿಗೆ ಕಾಣದಂತೆ ಮುಚ್ಚಿಡುತ್ತದೆ ಅಷ್ಟೆ.

ಅನುಮಾನವನ್ನು ಬಾಯಿಬಿಟ್ಟು ಹೇಳುವುದು, ಕಾಗದದ ಮೇಲೆ ಬರೆಯುವುದು, ಅದಕ್ಕೊಂದು ಗಡುವು ಕಟ್ಟುವುದು: ಈ ಮೂರನ್ನೂ ಸ್ಟೆತಸ್ಕೋಪ್ ಹಿಡಿಯುವುದನ್ನು ಕಲಿಸಿದಷ್ಟೇ ಕ್ರಮವಾಗಿ ಕಲಿಸಬಹುದು ಎಂಬುದು ನನ್ನ ಅನುಭವ. ವೈದ್ಯಕೀಯ ಕಾಲೇಜುಗಳಲ್ಲಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಹೌಸ್ ಸರ್ಜನ್ನರನ್ನೂ ಪಿಜಿಗಳನ್ನೂ ಜೊತೆಯಲ್ಲಿಟ್ಟುಕೊಂಡು ಕೆಲಸ ಮಾಡುವ ಹಿರಿಯ ವೈದ್ಯರಿಗಾಗಿ ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗಳೆಲ್ಲ ಜ್ವರದವೇ, ಏಕೆಂದರೆ ನಮ್ಮ ಕಡೆ ಅನಿಶ್ಚಿತತೆಯನ್ನು ಕಲಿಸಲು ಜ್ವರಕ್ಕಿಂತ ಒಳ್ಳೆಯ ಪಾಠವಿಲ್ಲ.

ಮೊದಲ ಹೆಜ್ಜೆ: ನಿಮ್ಮ ಅನುಮಾನವನ್ನು ನೀವೇ ಮೊದಲು ಹೇಳಿ

ಯೂನಿಟ್ ಮುಖ್ಯಸ್ಥರು ಎಂದೂ "ನನಗೂ ಇನ್ನೂ ಗೊತ್ತಾಗಿಲ್ಲ" ಎನ್ನದ ವಾರ್ಡಿನಲ್ಲಿ ಹೌಸ್ ಸರ್ಜನ್ ಆ ಮಾತನ್ನು ಆಡುವುದಿಲ್ಲ. ಆದ್ದರಿಂದ ಆರಂಭ ನಿಮ್ಮಿಂದಲೇ ಆಗಬೇಕು, ಅದೂ ಎಲ್ಲರ ಎದುರು. ಆದರೆ ಹೇಳುವ ರೀತಿಯಲ್ಲಿ ಎಚ್ಚರ ಬೇಕು. ಬರೀ "ಗೊತ್ತಿಲ್ಲ" ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. "ಇನ್ನೂ ಗೊತ್ತಾಗಿಲ್ಲ" ಎಂದರೆ ಹುಡುಕಾಟ ನಡೆಯುತ್ತಿದೆ ಎಂದಾಯಿತು. ನಮ್ಮ ಭಾಷೆ ಈ ವ್ಯತ್ಯಾಸವನ್ನು ಇಷ್ಟು ಸಲೀಸಾಗಿ ಕೊಟ್ಟಿರುವಾಗ ಅದನ್ನು ಬಳಸಿಕೊಳ್ಳಬೇಕು.

ಆ ಹೆಂಗಸಿನ ಹಾಸಿಗೆಯ ಪಕ್ಕದಲ್ಲಿ ನಾನು ಹೇಳಿದ್ದು ಸುಮಾರು ಹೀಗಿತ್ತು: "ನನಗೆ ಡೆಂಗಿ ಮತ್ತು ಸ್ಕ್ರಬ್ ಟೈಫಸ್ ನಡುವೆ ತೂಗುತ್ತಿದೆ. ಇಲಿ ಜ್ವರವನ್ನೂ ಬಿಟ್ಟಿಲ್ಲ. ಒಂದನ್ನೇ ಆರಿಸು ಎಂದರೆ ಸ್ಕ್ರಬ್ ಎನ್ನುತ್ತೇನೆ, ಆದರೆ ಹತ್ತರಲ್ಲಿ ಆರರಷ್ಟು ಮಾತ್ರ ಧೈರ್ಯವಿದೆ. ಜ್ವರದ ಜೊತೆ ಉಸಿರು ನಿಮಿಷಕ್ಕೆ 26 ಇರುವುದು ನನ್ನನ್ನು ಆ ಕಡೆಗೆ ಎಳೆಯುತ್ತಿದೆ." ಸ್ಕ್ರಬ್ ಟೈಫಸ್ ಎಂದರೆ ಸಣ್ಣ ನುಸಿಮರಿ ಕಚ್ಚಿ ಬರುವ ಜ್ವರ. ಈ ಮಾತಿನಲ್ಲಿ ವಿದ್ಯಾರ್ಥಿಗೆ ನಾಲ್ಕು ಸಂಗತಿಗಳು ಕೇಳಿಸುತ್ತವೆ: ಯಾವ ಯಾವ ಕಾಯಿಲೆಗಳ ನಡುವೆ ಅನುಮಾನ, ಯಾವ ಕಡೆ ಒಲವು, ಎಷ್ಟು ಒಲವು, ಯಾವ ಲಕ್ಷಣದಿಂದ ಒಲವು. ಹತ್ತರಲ್ಲಿ ಎಷ್ಟು ಎಂದು ಹೇಳುವ ಅಭ್ಯಾಸ ಮೊದಲಿಗೆ ಕೃತಕವೆನಿಸಬಹುದು, ಆದರೂ ಬಿಡಬೇಡಿ. "ಇರಬಹುದು" ಎಂಬ ಪದ ಒಬ್ಬರ ಬಾಯಲ್ಲಿ ಹತ್ತರಲ್ಲಿ ಮೂರು, ಇನ್ನೊಬ್ಬರ ಬಾಯಲ್ಲಿ ಎಂಟು. ಅಂಕಿ ಹೇಳಿದಾಗಲೇ ನೀವೂ ವಿದ್ಯಾರ್ಥಿಯೂ ಎಲ್ಲಿ ಬೇರೆಯಾಗುತ್ತಿದ್ದೀರಿ ಎಂಬುದು ತಿಳಿಯುವುದು.

ರೋಗಿಯ ಎದುರು ಹೀಗೆಲ್ಲ ಮಾತಾಡಬಹುದೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ರೋಗಿಗೆ ಅರ್ಥವಾಗದ ಇಂಗ್ಲಿಷಿನಲ್ಲಿ ಅವರ ಹಾಸಿಗೆಯ ಪಕ್ಕದಲ್ಲೇ ಗಂಭೀರ ಮುಖ ಹೊತ್ತು ಚರ್ಚಿಸುವುದು ಅವರನ್ನು ಇನ್ನೂ ಹೆಚ್ಚು ಹೆದರಿಸುತ್ತದೆ. ಕಾರಿಡಾರಿನಲ್ಲಿ ಚರ್ಚಿಸಿ, ನಂತರ ಹಾಸಿಗೆಯ ಬಳಿ ಅವರಿಗೇ ಅವರ ಮಾತಿನಲ್ಲಿ ಹೇಳುವುದು ಒಳ್ಳೆಯ ದಾರಿ.

ಎರಡನೇ ಹೆಜ್ಜೆ: ಯಾವ ಬಗೆಯ ಗೊತ್ತಿಲ್ಲ ಎಂದು ಕೇಳಿ

1957ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞೆ ರೆನೇ ಫಾಕ್ಸ್ ವೈದ್ಯಕೀಯ ವಿದ್ಯಾರ್ಥಿಗಳನ್ನು ಹತ್ತಿರದಿಂದ ಗಮನಿಸಿ ಒಂದು ಮಾತು ಹೇಳಿದರು. ವಿದ್ಯಾರ್ಥಿಗೆ ಎದುರಾಗುವ ಅನಿಶ್ಚಿತತೆ ಒಂದೋ ಅವನ ಕಲಿಕೆ ಸಾಲದ್ದರಿಂದ ಬರುತ್ತದೆ, ಇಲ್ಲವೇ ವೈದ್ಯವಿಜ್ಞಾನದ ತಿಳಿವೇ ಅಲ್ಲಿಗೆ ಮುಗಿಯುವುದರಿಂದ ಬರುತ್ತದೆ; ಮೂರನೆಯ ಕಷ್ಟವೆಂದರೆ ಇವೆರಡರಲ್ಲಿ ಯಾವುದು ಎಂದು ಬೇರ್ಪಡಿಸಲಾಗದಿರುವುದು. ಅದೇ 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಸುತ್ತಲಿನ ಹಳ್ಳಿಗಳಲ್ಲಿ ಜನ ತೀವ್ರ ಜ್ವರದಿಂದ ಮಲಗಿದ್ದರು. ಮಂಗಗಳ ಸಾವನ್ನು ಕಂಡು ಹಳದಿ ಜ್ವರವೇ ಭಾರತಕ್ಕೆ ಬಂದಿತೇ ಎಂಬ ಶಂಕೆ ಮೊದಲಿಗೆ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿದಾಗ ಅದು ಜಗತ್ತಿನ ಯಾವ ಪುಸ್ತಕದಲ್ಲೂ ಇರದಿದ್ದ, ಉಣುಗುಗಳಿಂದ ಹರಡುವ ಹೊಸ ವೈರಸ್ ಎಂದು ತಿಳಿಯಿತು. ಇಂದು ಅದನ್ನು ಮಂಗನ ಕಾಯಿಲೆ ಎನ್ನುತ್ತೇವೆ. ಅಂದು ಆ ಹಳ್ಳಿಗಳಲ್ಲಿ ರೋಗಿ ನೋಡುತ್ತಿದ್ದ ವೈದ್ಯರು ಎಷ್ಟು ಓದಿಕೊಂಡಿದ್ದರೂ ಕಾಯಿಲೆಯ ಹೆಸರು ಹೇಳಲಾಗುತ್ತಿರಲಿಲ್ಲ. ಈ ಕತೆಯನ್ನು ನಾನು ಪ್ರತಿ ಹೊಸ ಬ್ಯಾಚಿಗೂ ಹೇಳುತ್ತೇನೆ. ತನ್ನ ಊರಿನ ಹತ್ತಿರದ ಹೆಸರು ಕೇಳಿದ ಹುಡುಗ ಹುಡುಗಿಯರ ಕಿವಿ ನೆಟ್ಟಗಾಗುತ್ತದೆ.

ವಾರ್ಡಿನ ಬಳಕೆಗೆ ನಾನು ಫಾಕ್ಸ್ ಹೇಳಿದ ಬಗೆಗಳಿಗೆ ಇನ್ನೊಂದು ಬಗೆಯನ್ನು ಸೇರಿಸಿಕೊಂಡಿದ್ದೇನೆ: ಕಾಲ ಕೂಡಿಬಾರದ್ದರಿಂದ ಉಂಟಾಗುವ ಅನಿಶ್ಚಿತತೆ. ಡೆಂಗಿಯ ಐಜಿಎಂ ಪ್ರತಿಕಾಯ ಐದನೇ ದಿನದ ಹೊತ್ತಿಗೆ ನೂರರಲ್ಲಿ ಸುಮಾರು 80 ರೋಗಿಗಳಲ್ಲಿ, ಹತ್ತನೇ ದಿನಕ್ಕೆ 99ರಲ್ಲಿ ಕಾಣಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಹೇಳುತ್ತದೆ. ಎರಡನೇ ದಿನ ಐಜಿಎಂ ನೆಗೆಟಿವ್ ಬಂದರೆ ಅದು ಡೆಂಗಿ ಇಲ್ಲ ಎಂಬ ಉತ್ತರವೇ ಅಲ್ಲ.

ಹೀಗಾಗಿ ವಿದ್ಯಾರ್ಥಿ "ಗೊತ್ತಿಲ್ಲ ಸರ್" ಎಂದಾಗ "ನಿನಗೆ ಗೊತ್ತಿಲ್ಲವೋ, ಯಾರಿಗೂ ಗೊತ್ತಿಲ್ಲವೋ, ಇಂದು ಗೊತ್ತಾಗುವಂತಿಲ್ಲವೋ?" ಎಂದು ಕೇಳಿ. ಮೊದಲನೆಯದಾದರೆ ಅವನು ಇಂದು ಸಂಜೆಯೊಳಗೆ ಓದಬೇಕು ಅಥವಾ ಗೊತ್ತಿರುವವರಿಗೆ ಫೋನ್ ಮಾಡಬೇಕು. ಎರಡನೆಯದಾದರೆ ಅವನ ಮೇಲಿನ ಹೊರೆ ಇಳಿಯುತ್ತದೆ. ಮೂರನೆಯದಾದರೆ ಯಾವ ದಿನ ಗೊತ್ತಾಗಬಹುದೆಂದು ಬರೆದಿಡಬೇಕು. ಗದರಿಸುವ ದನಿಯಲ್ಲಿ ಕೇಳಿದರೆ ಈ ಪ್ರಶ್ನೆ ಇನ್ನೊಂದು ವೈವಾ ಆಗಿಬಿಡುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಮೂರನೇ ಹೆಜ್ಜೆ: ಕೇಸ್ ಶೀಟಿನಲ್ಲಿ ಅನುಮಾನಕ್ಕೆ ಜಾಗ ಕೊಡಿ

ಕೇಸ್ ಶೀಟಿನ "ತಾತ್ಕಾಲಿಕ ರೋಗನಿರ್ಣಯ" ಎಂಬ ಒಂದು ಸಾಲು ಬಹಳ ತೊಂದರೆ ಕೊಡುತ್ತದೆ. ಕ್ಯಾಶುವಾಲ್ಟಿಯಲ್ಲಿ ರಾತ್ರಿ ಎರಡು ಗಂಟೆಗೆ ಯಾರೋ ಬರೆದ "ವೈರಲ್ ಫೀವರ್" ಬೆಳಗಿನ ರೌಂಡ್ಸಿಗೆ ಹಾಗೇ ಬರುತ್ತದೆ, ಮರುದಿನದ ಟಿಪ್ಪಣಿಗೆ ನಕಲಾಗುತ್ತದೆ, ಮೂರನೇ ದಿನ ಯಾರೂ ಪ್ರಶ್ನಿಸದ ಸತ್ಯವಾಗುತ್ತದೆ. ಇದನ್ನು ತಡೆಯಲು ಫಾರಂ ಬದಲಾಗುವ ತನಕ ಕಾಯಬೇಕಿಲ್ಲ. ಪ್ರತಿದಿನದ ಟಿಪ್ಪಣಿಯಲ್ಲಿ ಮೂರು ಸಾಲು ಬರೆಯಲು ಹೇಳಿದರೆ ಸಾಕು. ಅತಿ ಹೆಚ್ಚು ಸಾಧ್ಯವಿರುವುದು ಯಾವುದು? ಸಾಧ್ಯತೆ ಕಡಿಮೆಯಿದ್ದರೂ ತಪ್ಪಿಸಿಕೊಂಡರೆ ಪ್ರಾಣಕ್ಕೆ ಬರುವುದು ಯಾವುದು? ನಮ್ಮ ಊಹೆಗೆ ಹೊಂದದೆ ಉಳಿದಿರುವುದು ಯಾವುದು?

ಮೂರನೆಯ ಸಾಲೇ ಎಲ್ಲಕ್ಕಿಂತ ಬೆಲೆಯುಳ್ಳದ್ದು, ವಿದ್ಯಾರ್ಥಿಗಳು ಎಲ್ಲಕ್ಕಿಂತ ಹೆಚ್ಚು ತಪ್ಪಿಸುವುದೂ ಅದನ್ನೇ. ಆ ಹೆಂಗಸಿನ ಕೇಸ್ ಶೀಟಿನಲ್ಲಿ ಪಿಜಿಯಿಂದ ಅದನ್ನು ಬರೆಸಿದಾಗ, ಅವನು ಬಹಳ ಹೊತ್ತು ಪುಟ ತಿರುವಿ, "ಯಕೃತ್ತಿನ ಕಿಣ್ವಗಳು ಮೂರು ಪಟ್ಟು, ಉಸಿರು 26, ಶ್ವಾಸಕೋಶದ ಕೆಳಭಾಗದಲ್ಲಿ ಸಣ್ಣ ಕರಕರ ಸದ್ದು" ಎಂದು ಬರೆದ. ಇವೆಲ್ಲ ಅವನಿಗೆ ಮೊದಲೇ ಗೊತ್ತಿದ್ದವು. ವೈರಲ್ ಫೀವರ್ ಎಂಬ ಹೆಸರಿನ ಕೆಳಗೆ ಅವುಗಳಿಗೆ ಜಾಗವಿರಲಿಲ್ಲವಾದ್ದರಿಂದ ಅವು ಕಣ್ಣಿಗೆ ಬಿದ್ದಿರಲಿಲ್ಲ. ಬರೆದು ಮುಗಿಸಿದ ಮೇಲೆ "ಸರ್, ಇದು ಬರೀ ವೈರಲ್ ಆಗಿರಲಿಕ್ಕಿಲ್ಲ" ಎಂದು ಅವನೇ ಹೇಳಿದ.

ಒಂದೇ ಸಾಲಿನ ಚಿತ್ರಣವನ್ನೂ ಅಭ್ಯಾಸ ಮಾಡಿಸಿ: "ತೋಟದಲ್ಲಿ ಕೆಲಸ ಮಾಡುವ, ಹಿಂದೆ ಆರೋಗ್ಯವಾಗಿದ್ದ ಮಧ್ಯವಯಸ್ಸಿನ ಹೆಂಗಸು, ಐದು ದಿನದ ಜ್ವರ, ಪ್ಲೇಟ್‌ಲೆಟ್ ಕಡಿಮೆ, ಯಕೃತ್ತು ಮತ್ತು ಶ್ವಾಸಕೋಶ ಎರಡಕ್ಕೂ ತಾಕಿದೆ." ಇದರಲ್ಲಿ ಕಾಯಿಲೆಯ ಹೆಸರಿಲ್ಲ, ಆದರೆ ಯೋಚಿಸಲು ಬೇಕಾದದ್ದೆಲ್ಲ ಇದೆ.

ನಾಲ್ಕನೇ ಹೆಜ್ಜೆ: ಪರೀಕ್ಷೆ ಬರೆಯುವ ಮೊದಲು ಅದರ ಉತ್ತರದಿಂದ ಏನು ಮಾಡುವೆ ಎಂದು ಕೇಳಿ

ಈ ಹೆಜ್ಜೆಗೆ ಹೆಚ್ಚು ಸಮಯ ಕೊಡಬೇಕು. ವಾರಕ್ಕೊಮ್ಮೆ ಅರ್ಧ ಗಂಟೆ ಕಪ್ಪುಹಲಗೆಯ ಮುಂದೆ ಕುಳಿತರೂ ಒಳ್ಳೆಯದು.

ಪರೀಕ್ಷೆಯ ಫಲಿತಾಂಶವನ್ನು ನಮ್ಮ ವಿದ್ಯಾರ್ಥಿಗಳು ತೀರ್ಪಿನಂತೆ ಓದುತ್ತಾರೆ. ಅದು ಸಾಕ್ಷಿ ಮಾತ್ರ ಎಂಬುದನ್ನು ಲೆಕ್ಕದಿಂದಲೇ ತೋರಿಸಬೇಕು. ನಾನು ಪಾಠಕ್ಕೆಂದು ಇಟ್ಟುಕೊಂಡ ಸರಳ ಅಂಕಿಗಳು ಇವು. ಜ್ವರದ 100 ರೋಗಿಗಳಲ್ಲಿ 20 ಮಂದಿಗೆ ನಿಜವಾಗಿ ಸ್ಕ್ರಬ್ ಟೈಫಸ್ ಇದೆ ಎಂದುಕೊಳ್ಳೋಣ. ಪರೀಕ್ಷೆಯು ಕಾಯಿಲೆ ಇರುವ ನೂರರಲ್ಲಿ 80 ಮಂದಿಯನ್ನು ಹಿಡಿಯುತ್ತದೆ, ಇಲ್ಲದ ನೂರರಲ್ಲಿ 10 ಮಂದಿಗೆ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ. ಆಗ 20ರಲ್ಲಿ 16 ಮಂದಿ ಪಾಸಿಟಿವ್, 4 ಮಂದಿ ತಪ್ಪಿಸಿಕೊಂಡರು. ಉಳಿದ 80ರಲ್ಲಿ 8 ಮಂದಿಗೆ ಸುಳ್ಳು ಪಾಸಿಟಿವ್. ಒಟ್ಟು 24 ಪಾಸಿಟಿವ್‌ಗಳಲ್ಲಿ 16 ನಿಜ, ಅಂದರೆ ಮೂವರಲ್ಲಿ ಇಬ್ಬರು. ನೆಗೆಟಿವ್ ಬಂದ 76 ಮಂದಿಯಲ್ಲಿ 4 ಮಂದಿಗೆ, ಅಂದರೆ ಹತ್ತೊಂಬತ್ತರಲ್ಲಿ ಒಬ್ಬರಿಗೆ ಕಾಯಿಲೆ ಇದ್ದೇ ಇದೆ. ಈಗ ಅದೇ ಪರೀಕ್ಷೆಯನ್ನು ನೂರರಲ್ಲಿ 50 ಮಂದಿಗೆ ಸ್ಕ್ರಬ್ ಇರುವಂಥ ರೋಗಿಗಳ ಗುಂಪಿಗೆ ಮಾಡಿ ಎನ್ನುತ್ತೇನೆ. ನೆಗೆಟಿವ್ ಬಂದವರು 55, ಅವರಲ್ಲಿ ಕಾಯಿಲೆ ಇರುವವರು 10. ಸುಮಾರು ಐದಾರು ಮಂದಿಯಲ್ಲಿ ಒಬ್ಬರು! ಪರೀಕ್ಷೆ ಅದೇ, ಲ್ಯಾಬ್ ಅದೇ, "ನೆಗೆಟಿವ್" ಎಂಬ ಪದವೂ ಅದೇ. ಅದರ ಅರ್ಥ ಮಾತ್ರ ರೋಗಿಯ ಬಗ್ಗೆ ನಮಗೆ ಮೊದಲೇ ಇದ್ದ ಅನುಮಾನಕ್ಕೆ ತಕ್ಕಂತೆ ಬದಲಾಯಿತು. ಶೇಕಡಾವಾರು ಸೂತ್ರಗಳಲ್ಲಿ ಹೇಳಿದರೆ ತಲೆಗೆ ಹತ್ತದ ಈ ಸಂಗತಿ, ತಲೆ ಎಣಿಸಿ ಹೇಳಿದರೆ ಹತ್ತು ನಿಮಿಷದಲ್ಲಿ ಹತ್ತುತ್ತದೆ.

ಮುಂದಿನ ಪ್ರಶ್ನೆ ಚಿಕಿತ್ಸೆಯದು. ಎಷ್ಟು ಖಾತ್ರಿಯಾದರೆ ಔಷಧಿ ಕೊಡಬಹುದು? 1980ರಲ್ಲಿ ಸ್ಟೀಫನ್ ಪಾಕರ್ ಮತ್ತು ಜೆರೋಮ್ ಕಾಸಿರರ್ ಎಂಬ ಅಮೆರಿಕದ ವೈದ್ಯರು ಇದನ್ನು ಹೊಸ್ತಿಲಿನ ಲೆಕ್ಕವಾಗಿ ವಿವರಿಸಿದರು. ಸಾಧ್ಯತೆ ಒಂದು ಹೊಸ್ತಿಲಿಗಿಂತ ಕೆಳಗಿದ್ದರೆ ಪರೀಕ್ಷೆಯೂ ಬೇಡ, ಔಷಧಿಯೂ ಬೇಡ. ಇನ್ನೊಂದು ಹೊಸ್ತಿಲು ದಾಟಿದ್ದರೆ ಪರೀಕ್ಷೆಗೆ ಕಾಯದೆ ಔಷಧಿ ಕೊಡಬೇಕು. ನಡುವಿನಲ್ಲಿದ್ದಾಗಲೇ ಪರೀಕ್ಷೆಯಿಂದ ಉಪಯೋಗ. ಹೊಸ್ತಿಲಿನ ಎತ್ತರವನ್ನು ನಿರ್ಧರಿಸುವುದು ಔಷಧಿಯ ಅಪಾಯ ಮತ್ತು ತಡವಾದರೆ ಆಗುವ ಹಾನಿ. ಡಾಕ್ಸಿಸೈಕ್ಲಿನ್ ಅಗ್ಗ, ಬಹುಮಟ್ಟಿಗೆ ಸುರಕ್ಷಿತ. ಸ್ಕ್ರಬ್ ಟೈಫಸ್‌ಗೆ ಚಿಕಿತ್ಸೆ ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮೆದುಳು ಕೆಡಬಹುದು. ಹಾಗಾಗಿ ಅಲ್ಲಿ ಹೊಸ್ತಿಲು ತಗ್ಗು. ಹತ್ತರಲ್ಲಿ ಆರಿರಲಿ, ಮೂರರಷ್ಟು ಅನುಮಾನವೂ ಸಾಕು. ಆರು ತಿಂಗಳ ಕ್ಷಯದ ಔಷಧಿಯನ್ನೋ ದೊಡ್ಡ ಪ್ರಮಾಣದ ಸ್ಟೀರಾಯ್ಡನ್ನೋ ಆರಂಭಿಸುವಾಗ ಹೊಸ್ತಿಲು ಎತ್ತರ. ಆ ಹೆಂಗಸಿಗೆ ಅಂದೇ ಮಧ್ಯಾಹ್ನ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆರಡು ಬಾರಿ, ಆರಂಭಿಸಿದೆವು. ಸ್ಕ್ರಬ್ ಐಜಿಎಂ ಎಲೈಸಾ ಎಂಬ ಪ್ರತಿಕಾಯ ಪರೀಕ್ಷೆಗೆ ರಕ್ತ ಕಳುಹಿಸಿದೆವು, ಆದರೆ ಅದರ ಉತ್ತರಕ್ಕೆ ಕಾಯಲಿಲ್ಲ. ಖಾತ್ರಿಯಿಲ್ಲದೆಯೂ ಸರಿಯಾದ ನಿರ್ಧಾರ ಸಾಧ್ಯ ಎಂಬುದನ್ನು ಪಿಜಿ ಮೊದಲ ಬಾರಿ ಕಂಡದ್ದು ಅಲ್ಲಿಯೇ ಎಂದು ನನ್ನ ನಂಬಿಕೆ.

ಇದರ ಇನ್ನೊಂದು ಮುಖವೂ ಇದೆ. ಯಾವ ಉತ್ತರ ಬಂದರೂ ನಿರ್ಧಾರ ಬದಲಾಗದ ಪರೀಕ್ಷೆಯನ್ನು ಬರೆಯದಿರಲು ಕಲಿಸಬೇಕು. ಟೈಫಾಯ್ಡ್‌ಗೆಂದು ಮಾಡಿಸುವ ವಿಡಾಲ್ ಪರೀಕ್ಷೆಯ ಬಗ್ಗೆ ನನಗೆ ನಿಜಕ್ಕೂ ಬೇಸರವಿದೆ. ಟೈಫಾಯ್ಡ್ ಸಾಮಾನ್ಯವಾಗಿರುವ ನಮ್ಮಂಥ ಕಡೆ ಹಿಂದೆಂದೋ ಆದ ಸೋಂಕಿನಿಂದಲೂ ಬೇರೆ ಜ್ವರಗಳಿಂದಲೂ ಅದು ಪಾಸಿಟಿವ್ ತೋರಿಸಬಹುದು. ಒಂದೇ ಸಲದ ವಿಡಾಲ್ ನೋಡಿ ಟೈಫಾಯ್ಡ್ ಎಂದು ಬರೆದು, ಒಳಗೆ ಬೇರೆಯೇ ಕಾಯಿಲೆ ಬೆಳೆದ ರೋಗಿಗಳನ್ನು ನಮ್ಮಲ್ಲಿ ಬಹಳ ಮಂದಿ ನೋಡಿದ್ದೇವೆ. ಆ್ಯಂಟಿಬಯೋಟಿಕ್ ಆರಂಭಿಸುವ ಮುನ್ನ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ರಕ್ತ ತೆಗೆಯುವ ಶಿಸ್ತನ್ನು ಕಲಿಸಿ, ಅದು ಕೂಡ ಟೈಫಾಯ್ಡ್ ಇರುವ ಎಲ್ಲರನ್ನೂ ಹಿಡಿಯುವುದಿಲ್ಲ ಎಂಬುದನ್ನೂ ಜೊತೆಯಲ್ಲೇ ಹೇಳಿ.

ಐದನೇ ಹೆಜ್ಜೆ: ಕಾಲವನ್ನೂ ಮರುಪರೀಕ್ಷೆಯನ್ನೂ ಸಾಧನವಾಗಿ ಬಳಸಲು ಕಲಿಸಿ

"ಕಾದು ನೋಡೋಣ" ಎಂಬುದು ಯೋಜನೆಯಲ್ಲ. ಯಾವುದಕ್ಕಾಗಿ ಕಾಯುತ್ತಿದ್ದೇವೆ, ಎಷ್ಟು ಹೊತ್ತು, ಯಾರು ನೋಡುತ್ತಾರೆ, ಏನು ಕಂಡರೆ ದಾರಿ ಬದಲಿಸುತ್ತೇವೆ ಎಂಬ ನಾಲ್ಕೂ ಸೇರಿದಾಗ ಅದು ಯೋಜನೆಯಾಗುತ್ತದೆ. ಸ್ಕ್ರಬ್ ಟೈಫಸ್ ರೋಗಿಗಳಲ್ಲಿ ಡಾಕ್ಸಿಸೈಕ್ಲಿನ್ ಕೊಟ್ಟ 48 ಗಂಟೆಯೊಳಗೆ ಸಾಮಾನ್ಯವಾಗಿ ಜ್ವರ ಇಳಿಯುತ್ತದೆ. ಆದ್ದರಿಂದ ಕೇಸ್ ಶೀಟಿನಲ್ಲಿ "ಗುರುವಾರ ಮಧ್ಯಾಹ್ನದೊಳಗೆ ಜ್ವರ ಇಳಿಯದಿದ್ದರೆ ಮೊದಲಿನಿಂದ ಯೋಚಿಸಬೇಕು" ಎಂದು ಬರೆಸಿದೆ. ಹಾಗೆ ಬರೆದದ್ದನ್ನು ಗುರುವಾರದ ಡ್ಯೂಟಿಯಲ್ಲಿರುವ ಯಾರೇ ಓದಿದರೂ ಏನು ಮಾಡಬೇಕೆಂದು ತಿಳಿಯುತ್ತದೆ.

ಮರುಪರೀಕ್ಷೆ ಎಂದರೆ ರಕ್ತ ಮತ್ತೆ ತೆಗೆಯುವುದು ಎಂದೇ ಕಿರಿಯರು ತಿಳಿಯುತ್ತಾರೆ. ರೋಗಿಯನ್ನು ತಲೆಯಿಂದ ಕಾಲಿನವರೆಗೆ ಮತ್ತೊಮ್ಮೆ ನೋಡುವುದು ಅದಕ್ಕಿಂತ ಮೊದಲು ಆಗಬೇಕು. ಮರುದಿನ ಬೆಳಿಗ್ಗೆ ಆ ಹೌಸ್ ಸರ್ಜನ್ ಹುಡುಗಿ ಪರದೆ ಎಳೆದು, ರೋಗಿಯನ್ನು ವಿಚಾರಿಸಿ, ಲಂಗದ ಲಾಡಿ ಬಿಗಿಯುವ ಜಾಗದಲ್ಲಿ, ಸೊಂಟದ ಎಡಬದಿಗೆ, ಕಡಲೆಕಾಳಿನಷ್ಟು ಅಗಲದ ಕಪ್ಪು ಹಕ್ಕಳೆಯನ್ನು ಕಂಡುಹಿಡಿದಳು. ಅಂಚು ಕೆಂಪಗೆ, ನಡು ಸಿಗರೇಟಿನಿಂದ ಸುಟ್ಟಂತೆ, ನೋವಿಲ್ಲ, ತುರಿಕೆಯಿಲ್ಲ. ರೋಗಿಗೇ ಅದು ಇರುವುದು ತಿಳಿದಿರಲಿಲ್ಲ. ಸ್ಕ್ರಬ್ ಟೈಫಸ್ ಹರಡುವ ಸಣ್ಣ ನುಸಿಮರಿ ಕಚ್ಚಿದ ಗುರುತು ಅದು. ಮೊದಲ ದಿನ ನಾವು ಮೂವರು ನೋಡಿದ್ದೆವು, ಮೂವರಿಗೂ ಕಂಡಿರಲಿಲ್ಲ, ಏಕೆಂದರೆ ಬಟ್ಟೆ ಮುಚ್ಚಿದ ಜಾಗವನ್ನು ಯಾರೂ ನೋಡಿರಲಿಲ್ಲ. ತಪ್ಪನ್ನು ರೌಂಡ್ಸಿನಲ್ಲೇ ಒಪ್ಪಿಕೊಂಡೆ. ಕಂಕುಳು, ತೊಡೆಸಂದು, ಸ್ತನದ ಕೆಳಭಾಗ, ಸೊಂಟ: ಹೆಂಗಸರಾದರೆ ಮಹಿಳಾ ವೈದ್ಯರೋ ನರ್ಸೋ ಜೊತೆಗಿದ್ದು, ರೋಗಿಯ ಒಪ್ಪಿಗೆ ಪಡೆದು ಇವನ್ನು ನೋಡಲೇಬೇಕು.

ಡೆಂಗಿಯಲ್ಲಿ ಕಾಲದ ಪಾಠ ಇನ್ನೂ ಕಠಿಣ. ಜ್ವರ ಇಳಿಯುವ ಹೊತ್ತೇ, ಮೂರರಿಂದ ಏಳನೇ ದಿನದ ನಡುವೆ, ರಕ್ತನಾಳಗಳಿಂದ ದ್ರವ ಸೋರುವ ಅಪಾಯದ ಹೊತ್ತು. ನಾನು ಪಿಜಿಯಾಗಿದ್ದಾಗ ಕಾಲೇಜು ಓದುವ ಹುಡುಗನೊಬ್ಬನಿಗೆ ಐದನೇ ದಿನ ಜ್ವರ ಬಿಟ್ಟಿತ್ತು. "ವೈರಲ್ ಫೀವರ್, ಗುಣಮುಖ" ಎಂದು ನನ್ನ ಕೈಯಾರೆ ಬರೆದು ಮನೆಗೆ ಕಳುಹಿಸಿದೆ. ಹೊಟ್ಟೆನೋವು ಎಂದು ಅವನು ಹೇಳಿದ್ದನ್ನು ಗ್ಯಾಸ್ಟ್ರಿಕ್ ಎಂದುಕೊಂಡೆ. ಮರುದಿನ ಸಂಜೆ ಕೈಕಾಲು ತಣ್ಣಗಾಗಿ, ನಾಡಿ ಬೆರಳಿಗೆ ಸಿಗದ ಸ್ಥಿತಿಯಲ್ಲಿ ಅವನ ಅಣ್ಣ ಎತ್ತಿಕೊಂಡು ಬಂದ. ಐಸಿಯುವಿನಲ್ಲಿ ಎರಡು ರಾತ್ರಿ ಕಳೆದು ಹುಡುಗ ಉಳಿದ. ಆ ಡಿಸ್ಚಾರ್ಜ್ ಚೀಟಿಯಲ್ಲಿ ನನ್ನ ಅನುಮಾನದ ಒಂದು ಸಾಲು ಇದ್ದಿದ್ದರೆ, ಯಾವ ಲಕ್ಷಣ ಕಂಡರೆ ವಾಪಸ್ ಬರಬೇಕೆಂದು ಬರೆದಿದ್ದರೆ, ಅವರು ಬೆಳಿಗ್ಗೆಯೇ ಬರುತ್ತಿದ್ದರು. ಪ್ರತಿ ಬ್ಯಾಚಿಗೂ ಇದನ್ನು ಹೇಳುತ್ತೇನೆ. ಹಿರಿಯರು ತಮ್ಮ ತಪ್ಪನ್ನು ಇಸವಿ, ದಿನ, ಔಷಧಿ ಸಮೇತ ಹೇಳಿದಾಗ ಕಿರಿಯರು ತಮ್ಮದನ್ನು ಮುಚ್ಚಿಡುವುದನ್ನು ನಿಲ್ಲಿಸುತ್ತಾರೆ.

ಆರನೇ ಹೆಜ್ಜೆ: ಡ್ಯೂಟಿ ಬದಲಾಗುವಾಗ ಅನುಮಾನವೂ ಕೈ ಬದಲಾಗಲಿ

ಇದು ಚಿಕ್ಕ ಹೆಜ್ಜೆ. ರಾತ್ರಿ ಡ್ಯೂಟಿಗೆ ಬಂದವರಿಗೆ ಹಾಸಿಗೆ ಸಂಖ್ಯೆ, ಕಾಯಿಲೆಯ ಹೆಸರು, ಡ್ರಿಪ್ ಎಷ್ಟು ಎಂದು ಹೇಳಿ ಹೋಗುವುದು ರೂಢಿ. ಅದಕ್ಕೆ ಒಂದು ವಾಕ್ಯ ಸೇರಿಸಲಿ: "ಹನ್ನೆರಡನೇ ಹಾಸಿಗೆಯದು ಡೆಂಗಿ ಎಂದುಕೊಂಡಿದ್ದೇವೆ, ಪೂರ್ತಿ ನಂಬಿಕೆಯಿಲ್ಲ, ಉಸಿರಿನ ವೇಗ 30 ದಾಟಿದರೆ ನನಗೆ ಫೋನ್ ಮಾಡು." ಫೋನ್ ಬಂದಾಗ ರೇಗದಿರುವುದು ನಮ್ಮ ಪಾಲಿನ ಕೆಲಸ.

ಏಳನೇ ಹೆಜ್ಜೆ: ಮನೆಯವರೊಂದಿಗೆ ಮಾತಾಡುವುದನ್ನು ಅಭ್ಯಾಸ ಮಾಡಿಸಿ

2019ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಮನೋಧರ್ಮ, ನೀತಿ, ಸಂವಹನಕ್ಕೆಂದೇ ಏಟ್‌ಕಾಮ್ ಎಂಬ ಭಾಗವಿದೆ. ಅದರ ತರಗತಿಗಳನ್ನು ಹಾಜರಿ ಹಾಕಿ ಮುಗಿಸದೆ, ಈ ಒಂದು ಸನ್ನಿವೇಶಕ್ಕೆ ಬಳಸಿಕೊಳ್ಳಿ. ಒಬ್ಬ ವಿದ್ಯಾರ್ಥಿ ವೈದ್ಯ, ಇನ್ನೊಬ್ಬ ರೋಗಿಯ ಗಂಡ. ಗಂಡನ ಪ್ರಶ್ನೆಗಳು ವಾರ್ಡಿನಲ್ಲಿ ದಿನವೂ ಕೇಳುವಂಥವೇ: "ಏನು ಕಾಯಿಲೆ ಅಂತ ಹೇಳಿ ಡಾಕ್ಟ್ರೇ", "ಇಷ್ಟೆಲ್ಲ ರಕ್ತ ತೆಗೆದ್ರಲ್ಲ, ಎಲ್ಲಾ ನಾರ್ಮಲ್ ಅಂದ್ರೆ ಜ್ವರ ಯಾಕೆ ಬರ್ತಿದೆ?", "ನಿಮಗೆ ಗೊತ್ತಾಗದಿದ್ರೆ ಹೇಳಿಬಿಡಿ, ಮಂಗಳೂರಿಗೆ ಕರ್ಕೊಂಡು ಹೋಗ್ತೀವಿ."

ಅನುಭವವಿಲ್ಲದ ವಿದ್ಯಾರ್ಥಿ ಇಲ್ಲಿ ಎರಡು ರೀತಿಯಲ್ಲಿ ಜಾರುತ್ತಾನೆ. ಒಂದೋ "ಏನೂ ಇಲ್ಲ, ವೈರಲ್, ಸರಿಹೋಗುತ್ತೆ" ಎಂದು ಇಲ್ಲದ ಭರವಸೆ ಕೊಡುತ್ತಾನೆ, ಇಲ್ಲವೇ "ಏನು ಬೇಕಾದರೂ ಆಗಬಹುದು, ನಮ್ಮ ಕೈಯಲ್ಲಿಲ್ಲ" ಎಂದು ತನ್ನ ರಕ್ಷಣೆಗೆ ಅವರನ್ನು ಹೆದರಿಸುತ್ತಾನೆ. ನಡುವಿನ ದಾರಿಯ ಮಾತುಗಳು ಹೀಗಿರಬಹುದು: "ನೋಡಿ ಅಣ್ಣಾ, ಈ ಜ್ವರಕ್ಕೆ ಇಂಥದ್ದೇ ಕಾರಣ ಅಂತ ಇವತ್ತು ಖಾತ್ರಿಯಾಗಿ ಹೇಳೋಕಾಗಲ್ಲ. ಮಲೇರಿಯಾ ಇರೋ ಹಾಗೆ ಕಾಣ್ತಿಲ್ಲ, ಆದ್ರೂ ನಾಳೆ ಇನ್ನೊಂದು ಸಲ ನೋಡ್ತೀವಿ. ನಮಗೆ ಹೆಚ್ಚು ಅನುಮಾನ ಇರೋದು ತೋಟದ ಹುಲ್ಲಲ್ಲಿರೋ ಸಣ್ಣ ಹುಳ ಕಚ್ಚಿ ಬರೋ ಜ್ವರದ ಮೇಲೆ. ಅದಕ್ಕೆ ಒಳ್ಳೆ ಔಷಧಿ ಇದೆ, ಇವತ್ತೇ ಶುರು ಮಾಡಿದ್ದೀವಿ. ನಾಡಿದ್ದು ಮಧ್ಯಾಹ್ನದೊಳಗೆ ಜ್ವರ ಇಳೀಬೇಕು. ಇಳೀಲಿಲ್ಲ ಅಂದ್ರೆ ಏನು ಮಾಡೋದು ಅಂತಾನೂ ಯೋಚನೆ ಮಾಡಿದ್ದೀವಿ." ಇಷ್ಟರಲ್ಲಿ ಗೊತ್ತಿಲ್ಲದ್ದು, ಗೊತ್ತಿರುವುದು, ಮಾಡುತ್ತಿರುವುದು, ಮುಂದಿನ ಗಡುವು ಎಲ್ಲವೂ ಬಂದವು. ಜನ ಇದನ್ನು ಸಹಿಸುವುದಿಲ್ಲ ಎಂಬ ಭಯ ನಮಗಿದೆ. ಮಳೆ ಬಂದೀತೋ ಇಲ್ಲವೋ ಎಂದು ತಿಳಿಯದೆಯೇ ಬಿತ್ತುವ ಜನಕ್ಕೆ ಅನಿಶ್ಚಿತತೆ ಹೊಸದಲ್ಲ. ತಮ್ಮ ಪ್ರಶ್ನೆಗೆ ಉತ್ತರ ಕೊಡದೆ ಮುಂದಿನ ಹಾಸಿಗೆಗೆ ಹೋಗುವ ವೈದ್ಯರನ್ನೇ ಅವರು ನಂಬದಿರುವುದು.

ಓಪಿಡಿಯಿಂದ ಮನೆಗೆ ಕಳುಹಿಸುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ಬ್ರಿಟನ್ನಿನ ಕುಟುಂಬ ವೈದ್ಯ ರಾಜರ್ ನೇಬರ್ 1987ರಲ್ಲಿ ವೈದ್ಯರು ತಮಗೆ ತಾವೇ ಹಾಕಿಕೊಳ್ಳಬೇಕಾದ ಮೂರು ಪ್ರಶ್ನೆಗಳನ್ನು ಸೂಚಿಸಿದರು: ನನ್ನ ಊಹೆ ಸರಿಯಾಗಿದ್ದರೆ ಮುಂದೇನಾಗಬೇಕು, ತಪ್ಪಾಗಿದ್ದರೆ ನನಗೆ ಹೇಗೆ ತಿಳಿಯುತ್ತದೆ, ಆಗ ಏನು ಮಾಡುತ್ತೇನೆ. ಎರಡನೆಯದಕ್ಕೆ ಉತ್ತರ ರೋಗಿಯ ಮನೆಯವರ ಕೈಯಲ್ಲಿರುತ್ತದೆ. ಆದ್ದರಿಂದ ಚೀಟಿಯನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಲು ಹೇಳಿ: ಹೊಟ್ಟೆನೋವು, ನಿಲ್ಲದ ವಾಂತಿ, ಮೂಗು ಒಸಡಿನಿಂದ ರಕ್ತ, ತೀರಾ ಸುಸ್ತು ಅಥವಾ ಚಡಪಡಿಕೆ, ತಣ್ಣಗಿನ ಕೈಕಾಲು, ಕಡಿಮೆ ಮೂತ್ರ, ಏದುಸಿರು, ಇವುಗಳಲ್ಲಿ ಒಂದು ಕಂಡರೂ ಜ್ವರ ಬಿಟ್ಟಿದ್ದರೂ ಕೂಡಲೇ ಬನ್ನಿ. ಓದಲು ಬಾರದವರಿಗೆ ಬಾಯಲ್ಲಿ ಹೇಳಿ, ಅವರ ಬಾಯಿಂದ ಒಮ್ಮೆ ಹೇಳಿಸಬೇಕು. ಊರಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ, ರಾತ್ರಿ ಗಾಡಿ ಸಿಗುತ್ತದೆಯೇ ಎಂದು ವಿದ್ಯಾರ್ಥಿ ಕೇಳಲೇಬೇಕು. ಆಸ್ಪತ್ರೆಯ ಹಿಂದಿನ ಬೀದಿಯ ರೋಗಿಯನ್ನು ಮನೆಗೆ ಕಳುಹಿಸಬಹುದಾದಷ್ಟೇ ಅನುಮಾನವಿದ್ದರೂ, ಘಟ್ಟದ ಒಳಗಿನ ಒಂಟಿ ಮನೆಯ ರೋಗಿಯನ್ನು ಒಂದು ರಾತ್ರಿ ಇರಿಸಿಕೊಳ್ಳಬೇಕಾಗುತ್ತದೆ.

ಎಂಟನೇ ಹೆಜ್ಜೆ: ಊಹೆ ಏನಾಯಿತು ಎಂದು ಹಿಂತಿರುಗಿ ನೋಡುವ ವ್ಯವಸ್ಥೆ ಮಾಡಿ

ತನ್ನ ಊಹೆ ಸರಿಯಾಯಿತೇ ತಪ್ಪಾಯಿತೇ ಎಂದು ತಿಳಿಯದ ವೈದ್ಯನ ಧೈರ್ಯ ಬೆಳೆಯುತ್ತದೆ, ನಿಖರತೆ ಬೆಳೆಯುವುದಿಲ್ಲ. ಹೌಸ್ ಸರ್ಜನ್ ಕೆಲವು ವಾರಗಳಿಗೊಮ್ಮೆ ವಿಭಾಗ ಬದಲಿಸುತ್ತಾನೆ. ತಾನು ದಾಖಲಿಸಿದ ರೋಗಿಗೆ ಕೊನೆಗೆ ಏನೆಂದು ತಿಳಿಯಿತು ಎಂಬುದು ಅವನ ಕಿವಿಗೆ ಬೀಳುವುದೇ ಇಲ್ಲ. ನನ್ನ ಯೂನಿಟ್ಟಿನಲ್ಲಿ ಒಂದು ಸಾದಾ ನೋಟ್‌ಬುಕ್ ಇದೆ. ದಾಖಲಾದ ದಿನವೇ ವಿದ್ಯಾರ್ಥಿ ತನ್ನ ಊಹೆಯನ್ನೂ ಹತ್ತರಲ್ಲಿ ಎಷ್ಟು ಎಂಬುದನ್ನೂ ರೋಗಿಯ ಹೆಸರಿಲ್ಲದೆ ಬರೆಯಬೇಕು. ಹತ್ತು ದಿನದ ನಂತರ ಬಲಬದಿಯ ಕಾಲಂ ತುಂಬಬೇಕು. ಮೂರು ತಿಂಗಳ ಪುಟಗಳನ್ನು ಒಟ್ಟಿಗೆ ನೋಡಿದಾಗ, "ಹತ್ತರಲ್ಲಿ ಒಂಬತ್ತು" ಎಂದು ತಾನು ಬರೆದ ಕಡೆಗಳಲ್ಲಿ ಎಷ್ಟು ಬಾರಿ ತಪ್ಪಿದ್ದೇನೆ ಎಂಬುದು ಪ್ರತಿಯೊಬ್ಬರಿಗೂ ಕಾಣುತ್ತದೆ. ನನ್ನ ಊಹೆಗಳೂ ಅದೇ ಪುಸ್ತಕದಲ್ಲಿವೆ.

ಪರೀಕ್ಷೆಯಲ್ಲೂ ಇದಕ್ಕೆ ಬೆಲೆ ಬರಬೇಕು, ಇಲ್ಲವಾದರೆ ವಿದ್ಯಾರ್ಥಿಗಳು ವಾರ್ಡಿನಲ್ಲಿ ಒಂದು, ವೈವಾದಲ್ಲಿ ಒಂದು ಮುಖ ಇಟ್ಟುಕೊಳ್ಳುತ್ತಾರೆ. ಆಂತರಿಕ ಪರೀಕ್ಷೆಗಳಲ್ಲಿ ನಾನು ಕಾಯಿಲೆಯ ಹೆಸರಿಗೆ ಕಡಿಮೆ ಅಂಕವಿಟ್ಟು, "ಏನು ಕಂಡರೆ ನಿನ್ನ ಅಭಿಪ್ರಾಯ ಬದಲಿಸುವೆ?" ಎಂಬ ಪ್ರಶ್ನೆಗೆ ಹೆಚ್ಚು ಇಡುತ್ತೇನೆ.

ಎಲ್ಲ ಮಾಡಿಯೂ ಕೆಲವು ಜ್ವರಗಳಿಗೆ ಹೆಸರು ಸಿಗುವುದಿಲ್ಲ. ಆ ಹೆಂಗಸಿಗೆ ಎರಡನೇ ದಿನಕ್ಕೆ ಜ್ವರ ಇಳಿಯಿತು, ಐಜಿಎಂ ಕೂಡ ಪಾಸಿಟಿವ್ ಬಂತು. ಅವರ ಪಕ್ಕದ ಹಾಸಿಗೆಯ ಅಜ್ಜಿಗೆ ಎಂಟು ದಿನ ಜ್ವರವಿದ್ದು ತಾನಾಗಿ ಬಿಟ್ಟಿತು. ಸ್ಮಿಯರ್ ಮೂರು ಬಾರಿ, ಕಲ್ಚರ್ ಎರಡು ಬಾರಿ, ಉಳಿದೆಲ್ಲವೂ ನೆಗೆಟಿವ್. ಡಿಸ್ಚಾರ್ಜ್ ಸಮ್ಮರಿ ಬರೆಯುತ್ತ ಅದೇ ಪಿಜಿ "ವೈರಲ್" ಎಂದು ಬರೆಯಲು ಹೋಗಿ ಪೆನ್ನು ಎತ್ತಿಕೊಂಡ. ನಂತರ "ಎಂಟು ದಿನದ ಜ್ವರ, ಕಾರಣ ದೃಢಪಟ್ಟಿಲ್ಲ, ಮಲೇರಿಯಾ, ಡೆಂಗಿ, ಸ್ಕ್ರಬ್ ಟೈಫಸ್, ಇಲಿ ಜ್ವರಕ್ಕೆ ಪರೀಕ್ಷಿಸಲಾಗಿದೆ, ಮತ್ತೆ ಜ್ವರ ಬಂದರೆ ಈ ಚೀಟಿಯೊಂದಿಗೆ ಬರಬೇಕು" ಎಂದು ಬರೆದು, ಕೆಳಗೆ ಸಹಿ ಹಾಕಿ, ಅಜ್ಜಿಯ ಮಗನನ್ನು ಕರೆದು ಅದನ್ನು ಕನ್ನಡದಲ್ಲಿ ಓದಿ ಹೇಳಿದ.